ಅಮ್ಮಾಜಮ್ಮನ ಮಡಿಲಬಟ್ಟೆ

ನನ್ನ ಅಜ್ಜಿ ಕದಿರಮ್ಮನ ಬೆರಳುಗಳಲ್ಲಿ ಗೆರೆಗಳಿರಲಿಲ್ಲ. ಮೂವತ್ತು ವರ್ಷ ಕುದಿನೀರಿನ ಬಾಣಲೆಯಲ್ಲಿ ಕೈಯಾಡಿಸಿ ರೇಷ್ಮೆಗೂಡಿನ ಎಳೆ ತೆಗೆದವಳು. ಚರ್ಮ ಬೆಂದು, ಬಿಳಿಚಿ, ನುಣ್ಣಗಾಗಿತ್ತು. ಹೆಬ್ಬೆಟ್ಟು ಒತ್ತಿದರೆ ಕಾಗದದ ಮೇಲೆ ಬರೀ ಮಸಿಯ ಬೊಟ್ಟು ಬೀಳುತ್ತಿತ್ತು.

ಶಿಡ್ಲಘಟ್ಟದ ನಮ್ಮ ಬೀದಿಯ ಹೆಂಗಸರೆಲ್ಲ ನೂಲು ತೆಗೆಯುವವರೇ. ಬಾಣಲೆಯ ಮುಂದೆ ಕೂರುವಾಗ ಸೀರೆ ನೆನೆಯದಿರಲೆಂದು ಮಡಿಲಿಗೊಂದು ಹಳೇ ಬಟ್ಟೆ ಕಟ್ಟಿಕೊಳ್ಳುತ್ತಿದ್ದರು. ಗೂಡಿನ ನೀರು ಸಿಡಿದು ಸಿಡಿದು ಅದರ ಮೇಲೆ ಕಂದು ಕರೆ ಕೂರುತ್ತಿತ್ತು. ಹರಿದ ಮೇಲೂ ಆ ಬಟ್ಟೆಯನ್ನು ಯಾರೂ ಬಿಸಾಡುತ್ತಿರಲಿಲ್ಲ. ರಜಾದ ದಿನ ಅಜ್ಜಿಯ ಜಗಲಿಗೆ ತಂದು, ಬೀದಿಗೆಲ್ಲ ಒಂದೇ ಆಗಿದ್ದ ಬೊಂತೆಗೆ, ಆ ಚಿಂದಿಯ ಕೌದಿಗೆ, ತುಂಡು ಸೇರಿಸಿ ಹೊಲಿಯುತ್ತಿದ್ದರು. ತುಂಡು ಯಾರದೋ ಅವಳು ತನ್ನ ಕಥೆ ಹೇಳಬೇಕು. ಉಳಿದವರು ‘ಊಂ’ ಅನ್ನಬೇಕು. ಊಂ ಅನ್ನುವವರಿಲ್ಲದಿದ್ದರೆ ಕಥೆಯೂ ನಿಲ್ಲಬೇಕು, ಸೂಜಿಯೂ ನಿಲ್ಲಬೇಕು. ಬೀದಿಯಲ್ಲಿ ಯಾರು ಹೆತ್ತರೂ ಬಾಣಂತಿಗೆ ಆ ಬೊಂತೆಯೇ ಹೊದಿಕೆ.

“ನಮ್ಮೆಜಮಾನ್ರು ಸಂತೆಗೆ ಹೋದೋರು ಮೂರು ದಿನ ಬರ್ಲಿಲ್ಲ” ಎಂದು ಪಕ್ಕದ ಮನೆಯ ಕರೀಮುನ್ನೀಸಾ ಶುರು ಮಾಡುವಳು.

“ಊಂ. ನಾಲ್ಕನೇ ದಿನ ಯಾಕೆ ಒಳಗೆ ಬಿಟ್ಟೆ?” ಅಜ್ಜಿ ಕೇಳುವಳು.

“ಸೌದೆ ಒಡೆಯೋರು ಯಾರು ಮತ್ತೆ, ಕದಿರಕ್ಕ?”

ಬೊಂತೆಯ ನಡುವೆ ಒಂದು ಹಸಿರು ತುಂಡಿತ್ತು. ಅದು ನನ್ನ ಅಮ್ಮ ಅಮ್ಮಾಜಮ್ಮನ ಮಡಿಲಬಟ್ಟೆ. ನನಗೆ ಎರಡು ವರ್ಷವಿದ್ದಾಗ ವೆಂಕಟರವಣಪ್ಪನವರ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು ಅಮ್ಮ ಸತ್ತಳು. ಅವಳು ನಮ್ಮ ಕೆಲಸದವಳೇ ಅಲ್ಲ, ಸೌದೆ ಕದಿಯಲು ಬಂದಿದ್ದಳು ಎಂದು ಅವರು ಪೊಲೀಸರ ಬಳಿ ಬರೆಸಿದರು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿರಲಿಲ್ಲ. ಯಾವ ಹೆಂಗಸಿನ ಹೆಸರೂ ಇರಲಿಲ್ಲ.

ಅಮ್ಮನದೊಂದು ಫೋಟೋ ಕೂಡ ಇಲ್ಲ. ನನಗೆ ಅಮ್ಮನೆಂದರೆ ಆ ಹಸಿರು ತುಂಡು. ಅದರ ಕರೆಗಳಲ್ಲಿ ನಾನು ಮೋಡ ಕಾಣುತ್ತಿದ್ದೆ, ಕುದುರೆ ಕಾಣುತ್ತಿದ್ದೆ. ಅಜ್ಜಿ ನನ್ನ ಬೆರಳು ಹಿಡಿದು ಒಂದು ಕರೆಯ ಮೇಲಿಡುತ್ತಿದ್ದಳು.

“ಇದು ನೀನು ಹೊಟ್ಟೇಲಿದ್ದಾಗಿಂದು, ಪಾಪ. ಹೊಟ್ಟೆ ಅಡ್ಡ ಬಂದು ನೀರೆಲ್ಲ ಇಲ್ಲೇ ಸಿಡೀತಿತ್ತು.”

ತೊಂಬತ್ತೊಂದರಲ್ಲಿ ಬೆಂಗಳೂರಿನ ಸಂಸ್ಥೆಯೊಂದರ ಮೇಡಂ ಬಂದರು. ಬೊಂತೆ ನೋಡಿ ಅವರ ಕಣ್ಣು ಅರಳಿತು. “ಇದು ಹೆಂಗಸರ ಚರಿತ್ರೆ ಕಣಮ್ಮ. ಒಂದು ತಿಂಗಳು ಕೊಡಿ. ಇಲ್ಲೇ ದೊಡ್ಡ ಸಭೆ ಮಾಡ್ತೀವಿ, ಅವತ್ತು ವಾಪಸ್ ಕೊಡ್ತೀವಿ” ಅಂದರು.

ಅಜ್ಜಿ ಒಪ್ಪಲಿಲ್ಲ. ಕಾಡಿದವಳು ನಾನೇ. “ಅಮ್ಮನ ಕಥೆ ನಾಲ್ಕು ಜನ ಕೇಳ್ಲಿ ಬಿಡಜ್ಜಿ.”

ಅಜ್ಜಿ ಹೆಬ್ಬೆಟ್ಟು ಒತ್ತಿದಳು. ಮಸಿಯ ಬೊಟ್ಟು ಬಿತ್ತು.

ಸಭೆಯ ದಿನ ಶಾಮಿಯಾನ ಹಾಕಿಸಿದ್ದವರು ವೆಂಕಟರವಣಪ್ಪ. ಮುಂದಿನ ಸಾಲಿನಲ್ಲಿ ಅವರೇ. ನಮ್ಮ ಬೀದಿಯವರು ಹಿಂದೆ. ಒಗೆದು ಇಸ್ತ್ರಿ ಮಾಡಿದ ಬೊಂತೆ ವೇದಿಕೆಯ ಮೇಲೆ ತೂಗುತ್ತಿತ್ತು. ಅಜ್ಜಿಗೆ ಶಾಲು ಹೊದಿಸಿ ಮೈಕು ಕೊಟ್ಟರು.

ಬಾಣಲೆಯ ಆವಿಗೆ ವರ್ಷಗಳಿಂದ ಅಜ್ಜಿಯ ಕಣ್ಣು ಮಂಜಾಗಿತ್ತು. ಬೆಂದ ಬೆರಳಿಗೆ ಬಿಸಿ ತಿಳಿಯುತ್ತಿರಲಿಲ್ಲ, ಬಟ್ಟೆ ತಿಳಿಯುತ್ತಿತ್ತು. ತಡವಿ ತಡವಿ ಹೇಳತೊಡಗಿದಳು. “ಇದು ಕರೀಮುನ್ನೀಸಾದು. ಗಂಡ ಮೂರು ದಿನ ಮನೇಗೆ ಬರ್ಲಿಲ್ಲ.” ಜನ ನಕ್ಕರು. ಅಷ್ಟರಲ್ಲಿ ನಡುವೆ ಏನೋ ಮಿನುಗಿದ್ದು ನನಗೆ ಕಂಡಿತು. ನಾನು ಕೂಗುವ ಮೊದಲೇ ಅಜ್ಜಿಯ ಬೆರಳು ಅಲ್ಲಿಗೆ ಬಂದು ನಿಂತಿತು. ಅಲ್ಲೊಂದು ಜರಿಯ ನವಿಲು.

“ಇಲ್ಲೊಂದು ಹಸಿರು ತುಂಡಿತ್ತು.”

ಮೇಡಂ ಬಗ್ಗಿ ಪಿಸುಗುಟ್ಟಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. “ಅದು ತುಂಬ ಕರೆಯಾಗಿತ್ತಮ್ಮ. ಖರ್ಚು ಕೊಟ್ಟ ಯಜಮಾನರು ಅದೊಂದು ಬೇಡ ಅಂತ ತೆಗೆಸಿದ್ರು. ನವಿಲು ಎಷ್ಟು ಚೆನ್ನಾಗಿದೆ ನೋಡಿ.”

ಅಜ್ಜಿ ಮುಂದಿನ ಸಾಲಿನ ಕಡೆ ತಿರುಗಿದಳು. “ಯಜಮಾನ್ರೇ, ಎಲ್ಲಿಟ್ಟಿದ್ದೀರ ನನ್ನ ಮಗಳನ್ನ?”

ವೆಂಕಟರವಣಪ್ಪ ನಕ್ಕರು. “ಒಂದು ಚಿಂದಿಗೆ ಏನಮ್ಮ ರಂಪ? ಒಲೆಗೆ ಹೋಗಿರ್ತದೆ. ಹೊಸಾ ಸೀರೆ ಕೊಡಿಸ್ತೀನಿ, ಇಳಿದು ಬಾ.”

ಅಜ್ಜಿ ಶಾಲು ತೆಗೆದು ಕುರ್ಚಿಯ ಮೇಲೆ ಹಾಕಿದಳು. ನವಿಲಿನ ಹೊಲಿಗೆಯನ್ನು ಹಲ್ಲಿನಿಂದ ಕಚ್ಚಿ ಎಳೆದಳು. ನವಿಲು ಕಿತ್ತುಬಂತು. ತೂತಿನಿಂದ ಆಚೆಯ ಬಿಸಿಲು ಕಂಡಿತು.

“ಇಲ್ಲಿ ಅಮ್ಮಾಜಮ್ಮ ಇದ್ಲು. ಎಂಟು ತಿಂಗಳ ಬಸುರೀಲೂ ಇವ್ರ ಬಾಣಲೆ ಮುಂದೇನೇ ಕೂತಿದ್ಲು.”

ಹಿಂದಿನ ಸಾಲುಗಳಲ್ಲಿ ತಲೆಗಳು ತಗ್ಗಿದವು. ನಮ್ಮ ಬೀದಿಯವರೆಲ್ಲ ಮರುದಿನ ಬೆಳಿಗ್ಗೆ ಅದೇ ಬಾಣಲೆಗಳ ಮುಂದೆ ಕೂರಬೇಕಾದವರು. ಅಜ್ಜಿ ಕಾದಳು. ಊಂ ಬಾರದೆ ಅವಳು ಮುಂದೆ ಹೇಳುವವಳಲ್ಲ.

ಕರೀಮುನ್ನೀಸಾ ಎದ್ದು ನಿಂತಳು.

“ಊಂ, ಕದಿರಕ್ಕ. ನನ್ನ ಪಕ್ಕದ ಬಾಣಲೆ ಅವಳ್ದು. ಮುಂದೆ ಹೇಳು.”

“ಊಂ” ಎಂದಳು ಎದುರು ಮನೆಯ ಕೊಂಡಮ್ಮ. ಆಮೇಲೆ ಇನ್ನೊಬ್ಬಳು. ಆಮೇಲೆ ಹಿಂದಿನ ಸಾಲುಗಳೆಲ್ಲ. ಯಾರೋ ಮೈಕು ಆರಿಸಿದರು. ಅಜ್ಜಿ ಹೇಳುತ್ತಲೇ ಹೋದಳು.

ಮರುದಿನ ಕರೀಮುನ್ನೀಸಾಗೂ ಕೊಂಡಮ್ಮನಿಗೂ ಕಾರ್ಖಾನೆಯ ಬಾಗಿಲು ಮುಚ್ಚಿತು. ಅಜ್ಜಿ ಕಾರ್ಖಾನೆಯ ಹಿಂದಿನ ಬೂದಿಗುಂಡಿಯಲ್ಲಿ ಕೋಲಾಡಿಸುತ್ತ ಒಂದು ತಿಂಗಳು ಅಲೆದಳು. ಹಸಿರು ಎಳೆ ಒಂದೂ ಸಿಗಲಿಲ್ಲ. ತೂತು ಮುಚ್ಚಲು ನಾನು ಸೂಜಿ ತಂದರೆ ಕೈ ತಡೆದಳು.

“ಬೇಡ, ಪಾಪ. ಮುಚ್ಚಿಬಿಟ್ರೆ ಯಾರೂ ಕೇಳಲ್ಲ.”

ಆ ಚಳಿಗಾಲದಲ್ಲೇ ಅಜ್ಜಿ ಹೋದಳು.

ಮೊನ್ನೆ ಕರೀಮುನ್ನೀಸಾಳ ಸೊಸೆ ಗುಲ್ಷನ್ ಹೆತ್ತಳು. ಬೊಂತೆ ಹೊದಿಸಿದೆ. ಮಗುವನ್ನು ಒತ್ತಿಕೊಂಡು ಅವಳು ಕೇಳಿದಳು: “ಇಲ್ಲಿಂದ ಚಳಿ ಬರ್ತದಲ್ಲ ಅಕ್ಕ, ಯಾಕೆ ಹೊಲಿದಿಲ್ಲ?”

ನಾನು ಅವಳ ಬೆರಳು ಹಿಡಿದು ತೂತಿನ ಅಂಚಿಗಿಟ್ಟೆ.

“ಹೇಳ್ತೀನಿ. ಊಂ ಅಂತೀಯಾ?”