ಹೂಂ ಅನ್ನಬಾರದ ಪರೀಕ್ಷೆ

ಮುಕ್ಕುಂದದ ಮುದುಕಮ್ಮ ಒಂದೇ ಮಾತಾಡಿ ಬಾಯಿ ಮುಚ್ಚಿದಾಗ ನಾಗವೇಣಿಯ ಎದಿ ಧಸಕ್ಕಂತು. ಅಯ್ಯೋ ಶಿವನೇ, ಈಕಿನೂ ಹಂಗೇ ಆದ್ಲಲ್ಲ!

ನಾಗವೇಣಿ ಸಾಲಗುಂದದ ಒಕ್ಕಲಿಗರ ಮನಿ ಹುಡುಗಿ. ವಯಸ್ಸಾದವರ ಮನಸ್ಸು, ನೆನಪು ಇದರ ಮ್ಯಾಲೆ ಪಿಎಚ್‌ಡಿ ಮಾಡಾಕತ್ತಿದ್ದಳು. ಸಿಂಧನೂರು, ಮಸ್ಕಿ, ಲಿಂಗಸೂಗೂರು ಕಡೆ ಹಳ್ಳಿಗಳಿಗೆ ಹೋಗಿ ಹಿರಿಯರಿಗೆ ಒಂದು ಸಣ್ಣ ಕತಿ ಹೇಳೂದು, ಆಮ್ಯಾಗ ಅವರ ಬಾಯಿಂದ ಅದನ್ನ ತಿರುಗಿ ಹೇಳಿಸೂದು. ಇಷ್ಟೇ ಪರೀಕ್ಷೆ. ನಮ್ಮ ಹಳ್ಳಿ ಮುದುಕರ ನೆನಪು ಗಟ್ಟಿ ಅಂತ ಎದಿ ತಟ್ಟಿಕೊಂಡು ಈ ಕೆಲಸ ಹಿಡಿದಾಕಿ ಆಕಿ. ಈಗ ನೋಡಿದ್ರ ಹೋದಲ್ಲೆಲ್ಲ ಅದೇ ರಾಗ! ಒಂದು ಮಾತು ಹೇಳ್ತಿದ್ರು, ಪಿಳಿಪಿಳಿ ಕಣ್ಣು ಬಿಡ್ತಿದ್ರು, ಸುಮ್ಮಾಗ್ತಿದ್ರು. ಆಕಿ ಗೈಡು ಸಿದ್ದಲಿಂಗೇಶ ಸರ್, "ನೆನಪು ಹೋಗ್ಯಾವ ಅಂತ ಬರದುಬಿಡು ನಾಗವೇಣಿ. ಎಷ್ಟಂತ ಒದ್ದಾಡ್ತಿ?" ಅಂದಿದ್ರು. ಮುಕ್ಕುಂದನೇ ಕಡೀ ಊರು. ಇದು ಮುಗೀತಂದ್ರ ತಾನು ನಂಬಿದ್ದಕ್ಕ ಉಲ್ಟಾ ತನ್ನ ಕೈಯಿಂದಲೇ ಬರೀಬೇಕು. ಆ ಸಂಕಟಕ್ಕ ಆಕಿಗೆ ಮುಂಜಾನಿ ರೊಟ್ಟಿನೂ ಇಳಿದಿರಲಿಲ್ಲ.

ಮತ್ತ ಪರೀಕ್ಷೆದ್ದು ಒಂದು ಕಟ್ಟುನಿಟ್ಟಿನ ನೇಮ ಇತ್ತು. ಹಿರಿಯರು ಕತಿ ಹೇಳುವಾಗ ಕೇಳಾಕಿ ತುಟಿ ಪಿಟಕ್ಕನ್ನಬಾರದು, ಯಾವ ಸುಳಿವೂ ಕೊಡಬಾರದು. ಪಾಪ, ಆಕಿ ಮುಖಾನೂ ಬಿಗಿ ಮಾಡ್ಕೊಂಡು ಕುಂದರ್ತಿದ್ಲು.

"ಬಾಲಪ್ಪ ಎಮ್ಮಿ ಹೊಡ್ಕೊಂಡು ಸಂತಿಗೆ ಹೊಂಟನವ್ವಾ," ಅಂತ ಮುದುಕಮ್ಮ ಕತಿಯ ಅದೇ ಮೊದಲ ಮಾತು ಮತ್ತೊಮ್ಮೆ ಅಂದು, ನಾಗವೇಣಿ ಮುಖಾನೇ ನೋಡಿದಳು. ನಾಗವೇಣಿ ಗಪ್‌ಚಿಪ್.

ಬಾಜೂ ಮನಿ ಹಸೀನಾಬೀ ಇವ್ರು ಕುಂತಿದ್ದ ಕಟ್ಟಿ ಮ್ಯಾಲೇ ಮೊರದಾಗ ಪುಂಡಿಪಲ್ಯದ ಸೊಪ್ಪು ಸೋಸಿಕೋತ ಕುಂತಿದ್ಲು. ಆಕಿಗೆ ಪರೀಕ್ಷೆ ಗಿರೀಕ್ಷೆ ಏನ್ ಗೊತ್ತು? ತಲಿ ಎತ್ತದನ "ಹೂಂ" ಅಂದ್ಲು.

ಮುದುಕಮ್ಮನ ಮುಖ ಅರಳಿಬಿಡ್ತು. "ಕಾಲುವಿ ಹತ್ರ ಬರೂದ್ರಾಗ ಎಮ್ಮಿ ನೀರಿಗಿಳದು ಕುಂತ್‌ಬಿಡ್ತು."

"ಹೂಂ."

"ಜಗ್ಗಿದ್ರ ಬರವಲ್ದು, ಬಡದ್ರ ಏಳವಲ್ದು. ಅಷ್ಟೊತ್ತಿಗೆ ಆಂಜನೇಯ ಅನ್ನಾಂವ ಬಂದು ಹಸಿ ಹುಲ್ಲು ತೋರಿಸಿದ."

"ಹೂಂ, ಆಮ್ಯಾಗ?"

ಆಮ್ಯಾಗೇನು! ಎಮ್ಮಿ ಮ್ಯಾಲಕ್ಕ ಬಂದಿದ್ದು, ಅಷ್ಟ್ರಾಗ ಸಂತಿ ಮುಗದು ಹೋಗಿದ್ದು, ಬಾಲಪ್ಪ ವಾಪಸ್ ಬಂದು ಅದೇ ಎಮ್ಮಿ ಹಾಲಿನಾಗ ಆಂಜನೇಯಗ ಚಾ ಕುಡಿಸಿದ್ದು, ಒಂದೂ ಬಿಡದಂಗ ಹೇಳಿ ಮುಗಿಸಿದ್ಲು ಮುದುಕಮ್ಮ.

ನಾಗವೇಣಿ ಮುದುಕಮ್ಮನ ಹತ್ರಕ್ಕ ಸರದು ಕುಂತ್ಲು. "ಯವ್ವಾ, ಮತ್ತ ಇಷ್ಟೊತ್ತು ಯಾಕ ಸುಮ್ಮ ಕುಂತಿದ್ದಿ?"

"ನೀ ಹೂಂ ಅನ್ನವಲ್ಲೆಲ್ಲ ತಂಗಿ. ಬ್ಯಾಸರ ಆಗೇತೇನೋ ಅಂತ ಬಿಟ್ಟೆ. ಗ್ವಾಡಿಗೆ ಯಾರರ ಕತಿ ಹೇಳ್ತಾರೇನು?"

ಹೌದಲ್ಲ! ಹೂಂಗುಟ್ಟೋರಿಲ್ಲದ ಕತಿ ನಮ್ಮ ಕಡೆ ಯಾವತ್ತರ ಮುಂದಕ್ಕ ಹೋಗೇತೇನು? ಸಣ್ಣಾಕಿದ್ದಾಗ ಅಮ್ಮನ ಮಗ್ಗಲಾಗ ಮಲಗಿ ತಾನೇ ಹೂಂ ಹೂಂ ಅಂದಾಕಿ, ಓದೋದು ಹೆಚ್ಚಾಗಿ ಅದನ್ನೇ ಮರ್ತಿದ್ಲು. ಮರೆವು ಇದ್ದದ್ದು ಯಾರಿಗೆ ನೋಡ್ರಿ! ನಾಗವೇಣಿ ಎದ್ದು ಮುದುಕಮ್ಮನ್ನ ಗಟ್ಟಿ ತಬ್ಬಿಕೊಂಡ್ಲು, ಆ ರಭಸಕ್ಕ ಹಸೀನಾಬೀ ಮೊರದಾಗಿನ ಪಲ್ಯ ನೆಲದ ಪಾಲಾತು. "ಹೇ ಹುಚ್ಚಿ, ಪಲ್ಯ ನೋಡಬೇ!" ಅಂತ ಹಸೀನಾಬೀ ಬೈದದ್ದು ಆಕಿ ಕಿವಿಗೆ ಬೀಳಲೇ ಇಲ್ಲ.

ಸಿಕ್ಕ ಬಸ್ ಹತ್ತಿ ಸೀದಾ ಲಿಂಗಸೂಗೂರಿಗೆ ಹೋಗಿ, ಕಾಲೇಜಿನಾಗ ಸರ್ ಮುಂದ ನಿಂತು ಒಂದೇ ಉಸಿರಿಗೆ ಎಲ್ಲಾ ಹೇಳಿದ್ಲು.

ಸರ್ ಹುಬ್ಬು ಗಂಟು ಹಾಕಿದ್ರು. "ಹೂಂ ಅಂದ್ರ ಸಹಾಯ ಮಾಡಿದಂಗಾತು. ಪರೀಕ್ಷೆ ಕೆಟ್ಟಂಗೇ."

"ಹೂಂ ಅನ್ನೂದ್ರಾಗ ಎಮ್ಮಿ ಎಲ್ಲೈತ್ರೀ ಸರ್? ಕಾಲುವಿ ಎಲ್ಲೈತಿ? ತಲ್ಯಾಗ ಇಲ್ಲದ್ದು ಹೂಂ ಅಂದ್ರ ಬರ್ತದೇನ್ರೀ? ಅವ್ರು ಮರ್ತಿಲ್ರೀ, ನಾವು ಕೇಳ್ತೀವಂತ ಕಾಯಾಕತ್ತಾರ!"

"ಅಂದ್ರ ಇಷ್ಟು ವರ್ಷ ನೀ ಮಾಡಿದ್ದು?"

"ಎಲ್ಲಾ ಕಸದಬುಟ್ಟಿಗೆ ಹಾಕ್ರಿ! ಅರ್ಧ ಮಂದಿಗೆ ಹೂಂ ಅನ್ನೂಣು, ಅರ್ಧ ಮಂದಿ ಮುಂದ ಸುಮ್ಮ ಕುಂದ್ರೂಣು. ಹುಡುಗರಿಗೂ ಹಂಗೇ ಮಾಡಿ ನೋಡೂಣು. ಮೊದಲಿಂದ ಶುರು ಮಾಡೂಣ್ರೀ ಸರ್!" ವರ್ಷಗಟ್ಟಲೆ ಮಾಡಿದ್ದು ಮಣ್ಣುಪಾಲಾದ್ರೂ ನಾಗವೇಣಿ ನಗಾಕತ್ತಿದ್ಲು. ಅಷ್ಟು ಖುಷಿ ಆಕಿಗೆ ರ‍್ಯಾಂಕ್ ಬಂದಾಗೂ ಆಗಿರಲಿಲ್ಲ.

ಸರ್ ಚಷ್ಮಾ ತೆಗೆದು ಟೇಬಲ್ ಮ್ಯಾಲಿಟ್ರು. ಸಣ್ಣ ದನಿಯಾಗ ಅಂದ್ರು: "ಶ್ರಾವಣದಾಗ ನಮ್ಮವ್ವಗೂ ಇದೇ ಕತಿ ಹೇಳಿ ಕೇಳಿದ್ದೆ. ಎಮ್ಮಿ ನೀರಿಗಿಳೀತು ಅಂದ್ಲು, ಅಲ್ಲಿಗೇ ನಿಂತ್ಲು. ನೆನಪು ಹೋಗ್ಯಾವ ಅಂತ ಅವತ್ತಿಂದ ಮನ್ಯಾಗ ಆಕಿನ್ನ ಯಾರೂ ಏನೂ ಕೇಳಂಗಿಲ್ಲ."

ನಾಗವೇಣಿ ನಗು ಅಲ್ಲೇ ನಿಂತಿತು. ಸರ್ ಕಾರಿನ ಕೀಲಿ ಎತ್ಕೊಂಡು "ನಡಿ" ಅಂದ್ರು.

ಮಸ್ಕಿ ಮುಟ್ಟೂದ್ರಾಗ ಹೊತ್ತು ಇಳಿದಿತ್ತು. ಸರ್ ಅವ್ವ ಶಿವಗಂಗಮ್ಮ ಪಡಸಾಲ್ಯಾಗ ಒಬ್ಬಾಕಿನೇ ಕುಂತಿದ್ಲು. ಅಷ್ಟು ದೊಡ್ಡ ಪ್ರೊಫೆಸರ್ ಹೋಗಿ ಆಕಿ ಕಾಲ ಹತ್ರ ನೆಲದ ಮ್ಯಾಲೆ ಕುಂತ್ರು.

"ಅವ್ವಾ, ಅವತ್ತಿನ ಕತಿ..." ಅಂದ್ರು. ಇನ್ನೊಂದೀಟು ಹತ್ರ ಸರದು "ಹೂಂ" ಅಂದ್ರು.

ಶಿವಗಂಗಮ್ಮ ಮಗನ ಮುಖ ನೋಡಿದ್ಲು, ತಲಿ ಮ್ಯಾಲೆ ಕೈ ಇಟ್ಲು.

"ಎಮ್ಮಿ ಶ್ರಾವಣದಿಂದ ನೀರಾಗೇ ಕುಂತೈತಪಾ. ತಡಿ, ಆಂಜನೇಯನ್ನ ಕರೀತೀನಿ."