ಕರೆಂಟು ಹೋದ ಸಿನಿಮಾ

"ಮನಿ ಬಿಟ್ಟ ಹೊಂಟಾಕಿ ಮುಖ ತೋರಸಬಾರ್ದು ನೋಡ್ರಿ. ಕಾಲಷ್ಟ ತೋರಸಬೇಕು, ಹೊಸ್ತಿಲ ದಾಟೂ ಕಾಲು," ಎಂದಳು ಸತ್ತೆವ್ವ. "ಮುಖ ತೋರ್ಸಿದ್ರ ಆಕಿ ಅಳೂದ ನೋಡ್ಕೋತ ಕುಂದರ್ತೀವಿ. ಕಾಲ ತೋರ್ಸಿದ್ರ ನಾವೂ ಆಕಿ ಗೂಡ ಹೊಂಡ್ತೀವಿ."

ಗೌರಾಬಾಯಿಯ ಪಡಸಾಲೆಯಲ್ಲಿ ಬೀಡಿ ಕಟ್ಟುತ್ತ ಕುಳಿತಿದ್ದ ಹೆಂಗಸರು ತಲೆ ಎತ್ತದೆಯೇ ಹೂಂಗುಟ್ಟಿದರು. ನಿಪ್ಪಾಣಿಯ ಆ ಓಣಿಯಲ್ಲಿ ಮನೆಗೊಂದು ಬೀಡಿಯ ಮೊರವಿದ್ದರೂ ಈ ಪಡಸಾಲೆಯ ರಿವಾಜು ಬೇರೆ ಎಲ್ಲೂ ಇರಲಿಲ್ಲ. ರವಿವಾರ ಸತ್ತೆವ್ವ ಸಿನಿಮಾ ನೋಡಿ ಬರಬೇಕು, ಸೋಮವಾರದಿಂದ ಅದನ್ನು ಹೇಳಬೇಕು. ಹೇಳುವಾಗ ಆಕೆಗೆ ಎರಡೂ ಕೈ ಬೇಕಾಗುತ್ತಿದ್ದುದರಿಂದ ಆಕೆಯ ಪಾಲಿನ ಬೀಡಿಯನ್ನು ಉಳಿದವರೇ ಕಟ್ಟಿ, ಒಂದೊಂದು ಹಿಡಿ ಆಕೆಯ ಮೊರಕ್ಕೆ ಹಾಕುತ್ತಿದ್ದರು. ಅದಕ್ಕೆ 'ಕತಿ ಪಾಲು' ಎಂದು ಹೆಸರು.

ಕಥೆ ಒಪ್ಪಿಸಿ ಸುಮ್ಮನಾಗುವ ಪೈಕಿ ಅಲ್ಲ ಸತ್ತೆವ್ವ. ಸಿನಿಮಾ ಹೀಗೇ ಇರಬೇಕು ಎಂಬ ಹಟ ಆಕೆಗೆ. ಖಳನಾಯಕನಿಗೂ ಪ್ರೀತಿಯದೊಂದು ಇರಬೇಕು, ಒಂದು ಮಗುವಾದರೂ, ಒಂದು ಎಮ್ಮೆಯಾದರೂ. ಇಲ್ಲದಿದ್ದರೆ ಅವನು ಬರೀ ಮೀಸೆ. ಕಳೆದುಹೋದ ಅಣ್ಣತಮ್ಮಂದಿರು ತೋಳಿನ ಮಚ್ಚೆಯಿಂದ ಗುರುತು ಹಿಡಿದರೆಂದರೆ ಡೈರೆಕ್ಟರನಿಗೆ ಆ ವಾರವೆಲ್ಲ ಮಂಗಳಾರತಿ. ಒಂದೇ ತಟ್ಟೆಯಲ್ಲಿ ಉಂಡವರು ಕೆಮ್ಮಿನಿಂದ ಗುರುತು ಹಿಡಿಯುತ್ತಾರೆ, ಮಚ್ಚೆ ಯಾರಿಗೆ ಬೇಕು ಎನ್ನುತ್ತಿದ್ದಳು. ಎಲ್ಲಕ್ಕಿಂತ ದೊಡ್ಡ ಕಾನೂನೆಂದರೆ, ಇಂಟರ್ವಲ್ ತನಕ ತುಳಿಸಿಕೊಂಡವರು ಆಮೇಲೆ ಎದ್ದು ನಿಲ್ಲಲೇಬೇಕು. ಇಲ್ಲದಿದ್ದರೆ ಟಿಕೀಟು ಯಾಕೆ ಹರಿದುಕೊಟ್ಟರು ಎಂಬುದು ಆಕೆಯ ಪ್ರಶ್ನೆ.

ಆದರೆ ಈ ವಾರ ಹೇಳುತ್ತಿದ್ದ ಸಿನಿಮಾವನ್ನು ಆಕೆ ನೋಡಿಯೇ ಇರಲಿಲ್ಲ. ಅಂಥದೊಂದು ಸಿನಿಮಾ ಯಾವ ಥೇಟರಿಗೂ ಬಂದಿರಲಿಲ್ಲ.

ಗಂಡ ತೀರಿದ ಮೇಲೆ ಸತ್ತೆವ್ವ ಭಾವ ಧೂಳಪ್ಪನ ಮನೆಯಲ್ಲೇ ಉಳಿದಿದ್ದಳು. ಧೂಳಪ್ಪನ ಹಿರೇ ಮಗಳನ್ನು ಹತ್ತಿರದ ಭೋಜ ಊರಿಗೆ ಕೊಡುವ ಮಾತು ನಡೆದಿತ್ತು. ನೋಡಲು ಬಂದ ಬೀಗರು ಚಹಾ ಕುಡಿಯುತ್ತ, ನಿಮ್ಮ ತಮ್ಮನ ಹೆಂಡತಿ ಥೇಟರಿಗೆ ಹೋಗ್ತಾಳಂತಲ್ಲ ಎಂದು ಕೇಳಿದ್ದರು. ಅವರು ಹೋದ ಮೇಲೆ ಧೂಳಪ್ಪ ಕೂಗಾಡಲಿಲ್ಲ. ತಮ್ಮನ ಹೆಂಡತಿಯ ಜೊತೆ ನೇರ ಮಾತಾಡುವ ಪದ್ಧತಿ ಆ ಮನೆಯಲ್ಲಿ ಇಲ್ಲದ್ದರಿಂದ ಒಲೆಯ ಮುಂದಿದ್ದ ತನ್ನ ಹೆಂಡತಿಗೆ ಹೇಳಿದ: "ಥೇಟರ್ ಸಾಕನ್ನ ಆಕಿಗಿ. ಹುಡಿಗ್ಯಾರ ಲಗ್ನ ಆಗೂತನಾ." ಹುಡುಗಿಯರು ಮೂವರು, ಕಿರಿಯವಳು ಇನ್ನೂ ಅಂಗನವಾಡಿಗೆ ಹೋಗುತ್ತಿದ್ದಳು. ಬೀಡಿ ಕಟ್ಟಲು ಹೋಗಲು ಅಡ್ಡಿ ಇರಲಿಲ್ಲ, ಅದು ದುಡಿಮೆ.

ಆ ರವಿವಾರ ಮಧ್ಯಾಹ್ನವೆಲ್ಲ ಅವನು ಹೊಸ್ತಿಲಿಗೆ ಅಡ್ಡ ಕಾಲು ಚಾಚಿ, ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸುತ್ತ ಕುಳಿತಿದ್ದ. ಒಳಗೆ ಸತ್ತೆವ್ವ ಕಟ್ ಕಟ್ ಸದ್ದು ಕೇಳುತ್ತ ಕುಳಿತಳು. ವಾರಕ್ಕೊಮ್ಮೆ ಥೇಟರಿನ ಕತ್ತಲಲ್ಲಿ ಮಾತ್ರ ಆಕೆ ಯಾರ ಸೊಸೆಯೂ ಅಲ್ಲ, ಯಾರ ವಿಧವೆಯೂ ಅಲ್ಲ. ಈಗ ಅದೂ ಹೋಯಿತು. ಧೂಳಪ್ಪ ಕೆಟ್ಟವನೆಂದು ಬೈದುಕೊಳ್ಳಲೂ ಆಗಲಿಲ್ಲ. ಮಗಳ ಮೇಲೆ ಜೀವ ಇಟ್ಟುಕೊಂಡಿದ್ದ ಅವನು ಬರೀ ಮೀಸೆಯಲ್ಲ.

ಸೋಮವಾರ ಹೆಂಗಸರು ಕಾದು ಕುಳಿತಿದ್ದರು. ಹೋಗಲಿಲ್ಲವೆಂದು ಹೇಳಲು ಆಕೆಗೆ ನಾಚಿಕೆಯಾಯಿತು. ಒಂದು ಮನೆ, ಮನೆಯೊಳಗೊಬ್ಬಳು, ಹೊಸ್ತಿಲಿಗೆ ಕಾಲು ಚಾಚಿ ಅಡಿಕೆ ಕತ್ತರಿಸುವ ಭಾವ ಎಂದು ಶುರುಮಾಡಿದಳು. ಅಡಕತ್ತರಿಯ ಸದ್ದನ್ನು ನಾಲಿಗೆಯಿಂದ ಮಾಡಿ ತೋರಿಸಿದಾಗ ಪಡಸಾಲೆಯಲ್ಲಿ ಬೀಡಿ ಎಲೆ ಕತ್ತರಿಸುವ ಕತ್ತರಿಗಳು ನಿಂತವು. ಆಕೆ ಹೇಳಿದ ಯಾವ ಸಿನಿಮಾಕ್ಕೂ ಇಷ್ಟು ಬೀಡಿ ಬಿದ್ದಿರಲಿಲ್ಲ. ಹೀಗೆ ಇಂಟರ್ವಲ್ ಬಂತು, ಮನೆ ಬಿಟ್ಟು ಹೊರಡುವವಳ ಕಾಲು ಹೇಗೆ ತೋರಿಸಬೇಕೆಂದೂ ಹೇಳಿಯಾಯಿತು.

"ಮಗ? ಮುಂದೇನಾತು?" ಎಂದಳು ಗೌರಾಬಾಯಿ. ಮರಾಠಿ ಮನೆಯವಳು, 'ಆಮೇಲೆ' ಎನ್ನಲು 'ಮಗ' ಎನ್ನುವವಳು; ಎಲ್ಲರಿಗಿಂತ ಹಿರಿಯಳು, ಎಲ್ಲರಿಗೂ ಮಾವಶಿ, ಅಂದರೆ ಚಿಕ್ಕಮ್ಮ. "ಈಗ ಏಳತಾಳಲಾ ಆಕಿ?"

ಸತ್ತೆವ್ವ ಬಾಯಿ ತೆರೆದಳು. ಎದ್ದು ಹೋಗುವುದೆಲ್ಲಿಗೆ? ತವರಿನಲ್ಲಿ ಇನ್ನೊಂದು ಹೊಸ್ತಿಲು, ಇನ್ನೊಂದು ಕಾಲು. ಸಿನಿಮಾದವರಾದರೆ ಇಲ್ಲೊಂದು ಹಾಡು ತುರುಕಿ ಪಾರಾಗುತ್ತಿದ್ದರು. ಎಷ್ಟೋ ಡೈರೆಕ್ಟರರ ತಪ್ಪು ತಿದ್ದಿದವಳಿಗೆ ಒಂದು ಹೆಂಗಸನ್ನು ಎಬ್ಬಿಸಿ ನಿಲ್ಲಿಸಲು ಆಗಲಿಲ್ಲ.

"ಕರೆಂಟ ಹೋತು ಮಾವಶಿ," ಎಂದಳು. "ಅಷ್ಟ ನೋಡಿ ಬಂದ್ನಿ."

ಅರ್ಧಕ್ಕೆ ಬಿಟ್ಟು ಬರುವುದೇ ಎಂದು ಎಲ್ಲರೂ ಬೈದರು. ಗೌರಾಬಾಯಿ ಮಾತ್ರ ಮೊರ ಬದಿಗಿಟ್ಟು ತೀರ್ಮಾನ ಕೊಟ್ಟಳು: ಬರುವ ರವಿವಾರ ಎಲ್ಲರೂ ಸತ್ತೆವ್ವನ ಜೊತೆ ಹೋಗಿ ಉಳಿದದ್ದನ್ನು ನೋಡುವುದು. ಲಗ್ನವಾದ ಮೇಲೆ ಥೇಟರಿನ ಮೆಟ್ಟಿಲು ಹತ್ತದವರೂ ಹೂಂ ಎಂದರು. ಸತ್ತೆವ್ವನಿಗೆ ಮನೆಯಲ್ಲಿ ಭಾವ, ಇಲ್ಲಿ ತಾನೇ ಕಟ್ಟಿದ ಸುಳ್ಳು. ಎರಡರ ನಡುವೆ, ಬೇಡವೆಂದು ಹೇಳದೆಯೇ ವಾರ ಕಳೆದಳು.

ರವಿವಾರ ಮಧ್ಯಾಹ್ನ ಅವರು ಬಂದೇ ಬಿಟ್ಟರು, ತಲೆ ಬಾಚಿ, ಹೂ ಮುಡಿದು. ಧೂಳಪ್ಪ ಹೊಸ್ತಿಲಲ್ಲಿದ್ದ, ಕಾಲು ಅಡ್ಡ ಇತ್ತು.

"ಸತ್ತೆವ್ವನ್ನ ಕಳಸ್ರಿ ಧೂಳಪ್ಪಾ," ಎಂದಳು ಗೌರಾಬಾಯಿ.

"ಆಕಿ ಬರೂದಿಲ್ರಿ." ಅಡಕತ್ತರಿ ಕಟ್ ಎಂದಿತು.

ಗೌರಾಬಾಯಿ ಅಡಕತ್ತರಿಯನ್ನು ನೋಡಿದಳು. ಚಾಚಿದ ಕಾಲನ್ನು ನೋಡಿದಳು. ಬಾಗಿಲ ಒಳಗಿನ ಮಬ್ಬಿನಲ್ಲಿ ನಿಂತವಳನ್ನು ನೋಡಿದಳು. ಜೊತೆ ಬಂದವರಲ್ಲೊಬ್ಬಳು, ಸುಂದ್ರವ್ವ, "ಮಾವಶಿ, ಇದು ಅದ ಸಿನಿಮಾ..." ಎಂದು ಅರ್ಧಕ್ಕೆ ನಿಲ್ಲಿಸಿದಳು.

"ಹೌದು," ಎಂದಳು ಗೌರಾಬಾಯಿ.

ಸತ್ತೆವ್ವನಿಗೆ ಮಾನ ಹೋದಂತಾಯಿತು. ಇನ್ನು ಇವರು ನಕ್ಕು ತಿರುಗಿ ಹೋಗುತ್ತಾರೆ, ನಾಳೆಯಿಂದ ಆ ಪಡಸಾಲೆಯೂ ಇಲ್ಲ ಎಂದುಕೊಂಡಳು. ಆದರೆ ಗೌರಾಬಾಯಿ ಸೆರಗಿನಿಂದ ನೆಲ ಝಾಡಿಸಿ, ಓಣಿಯ ನಡುವೆ ಬಾಗಿಲಿಗೆ ಎದುರಾಗಿ ಕುಳಿತಳು.

"ಉಳದಿದ್ದ ನೋಡಾಕ ಬಂದೇವಿ," ಎಂದಳು. "ನೋಡೇ ಹೋಗ್ತೀವಿ."

ಒಬ್ಬೊಬ್ಬರಾಗಿ ಉಳಿದವರೂ ಆಕೆಯ ಹಿಂದೆ ಕುಳಿತರು. ಏನಿದು ಎಂದು ಧೂಳಪ್ಪ ಕೇಳಿದ. ಅವನು ಕಾಲು ಮಡಚಲಿಲ್ಲ. ಆದರೆ ಅಡಕತ್ತರಿ ನಿಂತಿತು.

ಸತ್ತೆವ್ವ ಹೊಸ್ತಿಲ ಹತ್ತಿರ ಬಂದಳು. ಆಕೆಯ ಚಪ್ಪಲಿಗಳು ಆ ಕಾಲಿನ ಆಚೆ, ಗೋಡೆಯ ನೆರಳಿನಲ್ಲಿದ್ದವು. ತಲೆಯ ಮೇಲಿನ ಸೆರಗು ಎಳೆದುಕೊಂಡು ಓಣಿಯ ಕಡೆ ನೋಡಿದಳು. ಅಲ್ಲಿ ಕುಳಿತ ಯಾರೊಬ್ಬರೂ ಆಕೆಯ ಮುಖ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಕೆಳಗೆ, ಆಕೆಯ ಕಾಲಿನ ಮೇಲಿದ್ದವು.