ಮಸ್ಕತ್ತಿನ ನಾಲ್ಕು ಗಂಟೆ

ಎರಡು ಸಾವಿರದ ಮೂರರಲ್ಲಿ ನಟರಾಜು ಟೈಲ್ಸ್ ಕೂರಿಸುವ ಕೆಲಸಕ್ಕೆ ಮಸ್ಕತ್ತಿಗೆ ಹೋದಾಗ ಗುರುಸಿದ್ದಮ್ಮನಿಗೆ ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಅವರ ಊರು ಶಾಗ್ಯದ ಮನೆಯಲ್ಲಿ ಫೋನಿಲ್ಲ. ಅವನನ್ನು ಕಳಿಸಿದ ಏಜೆನ್ಸಿಯ ಕೊಳ್ಳೇಗಾಲದ ಆಫೀಸಿಗೆ ತಿಂಗಳಿಗೊಂದು ಶುಕ್ರವಾರ, ಅಲ್ಲಿನ ರಜೆಯ ದಿನ, ಅವನು ಪುಕ್ಕಟೆ ಫೋನು ಮಾಡಬಹುದಿತ್ತು. ಯಾವ ಗಂಟೆಗೆ ಎಂಬುದನ್ನು ಅಲ್ಲಿನ ಆಫೀಸಿನವರೋ ಇಲ್ಲಿಯವರೋ ಕಂಪ್ಯೂಟರಿಗೆ ತುಂಬುತ್ತಿದ್ದರು. ಎರಡು ಊರಿಗೂ ಒಂದೇ ಡೇಟಾಬೇಸು.

ಅವಳು ಹೂ ಮುಡಿದು ಹೊರಡುವಳು. ಫೋನಿನಲ್ಲಿ ಹೂ ಕಾಣುತ್ತದೇನೇ ಎಂದು ಅತ್ತೆ ದೊಡ್ಡಬಸಮ್ಮ ನಕ್ಕರೂ ಬಿಡಳು. ಕೊಳ್ಳೇಗಾಲದಲ್ಲಿ ಕಂಪ್ಯೂಟರಿನ ಪರದೆಯ ಮೇಲೆ ನಾಲ್ಕು ಗಂಟೆ ಎಂದಿರುತ್ತಿತ್ತು. ನಾಲ್ಕಾಗುವುದು, ಐದಾಗುವುದು, ಫೋನು ಬಾರದು. ಆಫೀಸಿನ ಧನುಶ್ರೀ ಬೀಗ ಹಾಕುತ್ತ, "ಮುಂದಿನ ಸಲ ಮಾಡ್ತಾರೆ ಬಿಡಕ್ಕ" ಎನ್ನುವಳು.

ಮಸ್ಕತ್ತಿನಿಂದ ರಜೆಗೆ ಬಂದ ಕಾಮಗೆರೆಯ ನಿಂಗರಾಜು ಒಂದು ಮಾತು ತಂದ. "ನಟರಾಜು ಬೇಜಾರ್ ಮಾಡ್ಕಂಡವ್ನೆ ಕಣವ್ವ. ಪೋನ್ ಮಾಡುದ್ರೆ ಎತ್ತೋರೇ ಇಲ್ವಂತೆ. ನಿಂಗೆ ಅವನ್ನ ಮಾತಾಡ್ಸಕ್ಕೆ ಇಷ್ಟ ಇಲ್ವೇನೋ ಅಂತಾನೆ."

ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮುಂದಿನ ಸಲ ಹೋದವಳು, "ಪೋನ್ ಬರಗಂಟ ನಾನ್ ಏಳಕಿಲ್ಲ" ಎಂದು ಬೆಂಚಿನ ಮೇಲೆ ಕೂತುಬಿಟ್ಟಳು. ಊರಿನ ಕೊನೆಯ ಬಸ್ಸು ಹೋಯಿತು. ಧನುಶ್ರೀ ಗದರಲಾರದೆ ಬೀಗ ಹಿಡಿದು ಪಕ್ಕದಲ್ಲೇ ಕೂತಳು.

ಐದೂವರೆಗೆ ಫೋನು ಬಡಿದುಕೊಂಡಿತು.

"ಯಾಕ್ ಇಷ್ಟೊತ್ತು?" ಎಂದಳು ಗುರುಸಿದ್ದಮ್ಮ.

"ಎಲ್ಲಿ ತಡ ಆಯ್ತಮ್ಮಿ? ನಾಕ್ ಗಂಟ್ಗೇ ಮಾಡಿವ್ನಿ."

"ಇಲ್ಲಿ ಐದೂವರೆ!"

"ಅದಿರ್ಲಿ, ಏನಾದ್ರೂ ಮಾತಾಡು ಕಣಮ್ಮಿ."

ಅಷ್ಟು ತಿಂಗಳಿಂದ ಕೂಡಿಟ್ಟ ಮಾತಿನಲ್ಲಿ ಒಂದೂ ನಾಲಗೆಗೆ ಬರಲಿಲ್ಲ. "ಕೆಂದ ಮೇಕೆ ಎಲ್ಡ್ ಮರಿ ಆಕ್ತು," ಎಂದಳು. "ಈಗ ಅವುಕ್ಕೆ ಕೊಂಬೂ ಬಂದವೆ."

ಧನುಶ್ರೀ ಅಷ್ಟರಲ್ಲಿ ಕಂಪ್ಯೂಟರು ನೋಡಿದಳು. ಅಲ್ಲಿಯವರು ಒಂದೂವರೆ ಗಂಟೆ ಹಿಂದಿರುವ ಅಲ್ಲಿನ ಗಡಿಯಾರದ ನಾಲ್ಕನ್ನು ತುಂಬಿದ್ದರು, ತಾನು ಇಲ್ಲಿನದನ್ನು. ಎಲ್ಲಾ ಒಂದೇ ಕಾಲಮ್ಮಿನಲ್ಲಿ. ಯಾವ ಊರಿನ ನಾಲ್ಕು ಎಂದು ಹೇಳಲು ಅದರಲ್ಲಿ ಜಾಗವೇ ಇರಲಿಲ್ಲ. ಅದನ್ನು ಮಾಡಿಕೊಟ್ಟವರಿಗೆ ಹೇಳಿ ಮರುವಾರವೇ ಯಾವ ಊರಿನ ಗಂಟೆ ಎಂದು ಬರೆಯಲು ಇನ್ನೊಂದು ಕಾಲಮ್ಮು ಹಾಕಿಸಿದಳು. ಆಮೇಲೆ ಯಾವ ಫೋನೂ ತಪ್ಪಲಿಲ್ಲ.

ಆ ಸಂಜೆ ಮಾತ್ರ ಬಸ್ಸಿಲ್ಲದೆ ಗುರುಸಿದ್ದಮ್ಮ ಧನುಶ್ರೀಯ ಮನೆಯಲ್ಲೇ ಉಳಿದಳು. ಬೀದಿಗೆ ಕತ್ತಲು ಕವಿದಿತ್ತು.

"ಅವ್ರಿಗಿನ್ನೂ ವತ್ತು ಮುಳುಗಿಲ್ಲ, ಅಲ್ವಾ?"

"ಇಲ್ಲಕ್ಕ. ಬಾ, ಉಣ್ಣು."

"ಅಲ್ಲೂ ಕತ್ಲಾಗ್ಲಿ ತಡಿ," ಎಂದು ಅವಳು ಜಗಲಿಯ ಮೇಲೆ ಕೂತೇ ಇದ್ದಳು.